ಮೀನಿಗೆ ಹುಣ್ಣು: ಬೆಳ್ಳುಳ್ಳಿಯೋ, ಬೇವೋ, ಆಂಟಿಬಯೋಟಿಕ್ಕೋ?

ರೋಹು, ಕಾಟ್ಲಾ ಹೊಂಡಕ್ಕೆ ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ ತಗುಲಿದರೆ ಈಜುರೆಕ್ಕೆಯ ಬುಡ ಕೆಂಪಾಗಿ, ಹುರುಪೆ ಉದುರಿ ಹುಣ್ಣಾಗುತ್ತದೆ.

ನನ್ನ ಮೊದಲ ಮತ ಬೆಳ್ಳುಳ್ಳಿಗೆ, ಆದರೆ ರೋಗ ಬರುವ ಮುಂಚೆ. ಕಿಲೋ ಮೇವಿಗೆ 5ರಿಂದ 10 ಗ್ರಾಂ. ರೋಹು ಮರಿಗಳ ಮೇಲಿನ ಪ್ರಯೋಗಗಳಲ್ಲಿ ಈ ಪ್ರಮಾಣ ರೋಗನಿರೋಧಕ ಶಕ್ತಿ ಹೆಚ್ಚಿಸಿದೆ. ಹಸಿಯಾಗಿಯೇ ಜಜ್ಜಿ, ಸ್ವಲ್ಪ ಹೊತ್ತು ಬಿಟ್ಟು, ತೌಡು-ಕಡಲೆಕಾಯಿ ಹಿಂಡಿಯ ಉಂಡೆಗೆ ಕಲಸಿ. ಜಜ್ಜಿದಾಗಲೇ ಬ್ಯಾಕ್ಟೀರಿಯಾ ತಡೆಯುವ ಆಲಿಸಿನ್ ಎಂಬ ಅಂಶ ಹುಟ್ಟುವುದು, ಬೇಯಿಸಿದರೆ ಹೋಯಿತು. ಅರಿಶಿನವನ್ನೂ ಮೇವಿನ ಜೊತೆಗೇ ಕೊಡುವುದು, ಅದರ ಕೆಲಸವೂ ನಿಧಾನ.

ಬೇವಿನ ಲೆಕ್ಕ ಬೇರೆ. ಕಷಾಯವನ್ನು ಅಂದಾಜಿಗೆ ಹೊಂಡಕ್ಕೆ ಸುರಿದರೆ ಮೀನೇ ಸಾಯಬಹುದು. 'ಸೊಪ್ಪು ತಾನೇ, ಏನಾಗುತ್ತೆ' ಅನ್ನುವವರ ಮಾತು ಕೇಳಬೇಡಿ.

ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಬೇಗ ಕೆಲಸ ಮಾಡುತ್ತದೆ, ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗಿರದಿದ್ದರೆ. ಮಾಂಸದಲ್ಲಿ ಔಷಧದ ಅಂಶ ಉಳಿಯುವುದರಿಂದ ಕೊಟ್ಟ ಕೂಡಲೇ ಮೀನು ಮಾರುವಂತಿಲ್ಲ. ಕ್ಲೋರಾಂಫೆನಿಕಾಲ್ ಎಂಬ ಇನ್ನೊಂದು ಆಂಟಿಬಯೋಟಿಕ್ ಅಂತೂ ಮೀನು ಸಾಕಣೆಯಲ್ಲಿ ನಿಷಿದ್ಧ.

ಇನ್ನೊಂದು ಮಾತು: ಮೇವು ಬಿಟ್ಟ ಮೀನಿಗೆ ಮೇವಿನಲ್ಲಿ ಬೆರೆಸಿದ್ದು ಯಾವುದೂ ತಲುಪದು, ಬೆಳ್ಳುಳ್ಳಿಯಾಗಲಿ ಪುಡಿಯೌಷಧವಾಗಲಿ. ಹುಣ್ಣು ಕಂಡ ದಿನವೇ ಒಂದಷ್ಟು ನೀರು ಬದಲಿಸಿ, ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ.