ಕೋಚ್‌ಗಳಿಗೆ ಐಸಿಎಫ್ ನೀತಿ ಸಂಹಿತೆ: ವರ್ಷಗಳ ಬಳಕೆಯ ನಂತರ

ರೇಟಿಂಗ್: 5ಕ್ಕೆ 4

ನೀಟ್, ಸಿಇಟಿ ಕೋಚಿಂಗ್ ಅಲ್ಲ. ಕಂಪನಿಯ ಮ್ಯಾನೇಜರುಗಳ ಜೊತೆ, ಸ್ವಂತ ದುಡ್ಡು ಕೊಟ್ಟು ಬರುವ ವೃತ್ತಿನಿರತರ ಜೊತೆ ಎದುರುಬದುರು ಕೂತು ಮಾಡುವ ಕೋಚಿಂಗಿಗೆ ಸಂಬಂಧಿಸಿದ್ದು ಈ ನೀತಿ ಸಂಹಿತೆ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಅಂದರೆ ಐಸಿಎಫ್, ತನ್ನ ಸದಸ್ಯರಿಗೂ ಎಸಿಸಿ, ಪಿಸಿಸಿ, ಎಂಸಿಸಿ ಎಂಬ ತನ್ನ ಮೂರು ಹಂತದ ಅರ್ಹತೆ ಪಡೆದವರಿಗೂ ಈ ಸಂಹಿತೆಯನ್ನು ಕಡ್ಡಾಯ ಮಾಡಿದೆ. 2020ರ ಆವೃತ್ತಿಯ ಜಾಗಕ್ಕೆ 2025ರ ಏಪ್ರಿಲ್ 1ರಿಂದ ಹೊಸ ಆವೃತ್ತಿ ಬಂದಿದೆ. ಓದಲು ಅರ್ಧ ಗಂಟೆ ಸಾಕು. ಆದರೆ ಓದಿ ಎತ್ತಿಟ್ಟರೆ ಪ್ರಯೋಜನವಿಲ್ಲ. ಸಂಹಿತೆ ನಿಜವಾಗಿ ಕೆಲಸಕ್ಕೆ ಬರುವುದು ಮೊದಲ ಸೆಷನ್‌ಗೆ ಮುಂಚೆ ಬರೆದ ಒಪ್ಪಂದದ ಮೂಲಕ. ಒಪ್ಪಂದದಲ್ಲಿ ಬಿಟ್ಟುಹೋದದ್ದನ್ನು ಆಮೇಲೆ ಸಂಹಿತೆ ತೋರಿಸಿ ಸರಿಪಡಿಸುವುದು ಬಹಳ ಕಷ್ಟ.

ಕೋಚಿಂಗ್ ಪಡೆಯುವವರು ಕ್ಲೈಂಟ್, ಹಣ ಕೊಡುವ ಸಂಸ್ಥೆ ಸ್ಪಾನ್ಸರ್ ಎಂದು ಸಂಹಿತೆ ಇಬ್ಬರನ್ನೂ ಬೇರೆಯಾಗಿ ನೋಡುತ್ತದೆ. ಅದರ ದೊಡ್ಡ ಬಲ ಇದೇ. ಕಂಪನಿ ಕೆಲಸದಲ್ಲಿ ತಕರಾರು ಹುಟ್ಟುವುದೂ ಹೆಚ್ಚಾಗಿ ಇಲ್ಲೇ. ಎರಡು ಮೂರು ಸೆಷನ್ ಆಗುವಷ್ಟರಲ್ಲಿ ಎಚ್‌ಆರ್‌ನಿಂದ ವಾಟ್ಸಾಪ್ ಬರುತ್ತದೆ: "ಹೇಗಿದ್ದಾರೆ ಸರ್ ಅವರು? ಏನಾದ್ರೂ ಇಂಪ್ರೂವ್‌ಮೆಂಟ್ ಕಾಣ್ತಿದೆಯಾ?" ಕೇಳಿದವರದು ತಪ್ಪಲ್ಲ. ಬಿಲ್ ಪಾಸ್ ಮಾಡುವವರು ಅವರು, ಮೇಲಿನವರಿಗೆ ಉತ್ತರ ಹೇಳಬೇಕಾದವರೂ ಅವರೇ. ಆದರೆ "ಪರವಾಗಿಲ್ಲ ಮೇಡಂ, ಸ್ವಲ್ಪ ಬೇಜಾರಲ್ಲಿದ್ದಾರೆ ಅಷ್ಟೇ" ಎಂದು ಉತ್ತರಿಸಿದರೆ ಗೋಪ್ಯತೆ ಅಲ್ಲಿಗೆ ಮುರಿಯಿತು. ಆ ಮಾತು ಅಪ್ರೈಸಲ್ ಹೊತ್ತಿಗೆ "ಅವರಿಗೆ ಇಲ್ಲಿ ಆಸಕ್ತಿ ಇಲ್ಲವಂತೆ" ಎಂದಾಗಿ ಕ್ಲೈಂಟ್ ಕಿವಿಗೇ ಬೀಳುತ್ತದೆ. ಅಲ್ಲಿಂದಾಚೆಗೆ ಅವರು ಸೆಷನ್‌ಗೆ ಬರುತ್ತಾರೆ, ಮನಸ್ಸು ಬಿಚ್ಚುವುದಿಲ್ಲ.

ಇದನ್ನು ತಡೆಯಲು ಶುರುವಿನಲ್ಲೇ ಕ್ಲೈಂಟ್, ಅವರ ಮ್ಯಾನೇಜರ್, ಎಚ್‌ಆರ್, ಕೋಚ್ ನಾಲ್ವರೂ ಮುಕ್ಕಾಲು ಗಂಟೆ ಒಟ್ಟಿಗೆ ಕೂರಬೇಕು. ಮೊದಲು ಎರಡೋ ಮೂರೋ ಗುರಿ ಬರೆದುಕೊಳ್ಳಿ. ಆಮೇಲೆ ಕಂಪನಿಗೆ ಏನೇನು ಹೋಗುತ್ತದೆ ಎಂಬ ಪಟ್ಟಿ: ಸೆಷನ್ ನಡೆದ ದಿನಾಂಕ, ಹಾಜರಿ, ಉಳಿದ ಸೆಷನ್ ಎಷ್ಟು. ಇಷ್ಟೇ. ಪ್ರಗತಿಯ ಮಾತು ನಡುವೆ ಒಮ್ಮೆ, ಕೊನೆಗೊಮ್ಮೆ, ಇದೇ ನಾಲ್ವರ ಸಭೆಯಲ್ಲಿ, ಕ್ಲೈಂಟ್ ಬಾಯಿಂದಲೇ ಬರಬೇಕು. ಕೋಚ್ ಜೊತೆಗಿರುತ್ತಾರೆ, ವರದಿ ಬರೆಯುವುದಿಲ್ಲ. ಗೋಪ್ಯತೆಗಿರುವ ವಿನಾಯಿತಿಗಳನ್ನೂ ಅಲ್ಲೇ ಹೇಳಿಬಿಡಿ: ತನಗೋ ಇನ್ನೊಬ್ಬರಿಗೋ ಅಪಾಯ, ಕಾನೂನುಬಾಹಿರ ಕೆಲಸ, ನ್ಯಾಯಾಲಯದ ಆದೇಶ. ಎಲ್ಲರ ಸಹಿ ಆದ ಮೇಲೆಯೇ ಮೊದಲ ಸೆಷನ್.

ಇಂಗ್ಲಿಷ್ ಒಪ್ಪಂದಕ್ಕೆ ಓದದೆ ಸಹಿ ಹಾಕುವವರೇ ಹೆಚ್ಚು. ಆದ್ದರಿಂದ ಈ ಭಾಗವನ್ನು ಆಡುಮಾತಿನಲ್ಲಿ ಒಮ್ಮೆ ಹೇಳುವುದು ಒಳ್ಳೆಯದು: "ನೀವಿಲ್ಲಿ ಹೇಳಿದ್ದು ಕಂಪನಿಗೆ ಹೋಗೋದಿಲ್ಲ. ಬಂದಿರಾ, ಎಷ್ಟು ಸೆಷನ್ ಆಯ್ತು ಅನ್ನೋದು ಮಾತ್ರ ಹೋಗತ್ತೆ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನಿಸಿದ್ರೆ, ಕಾನೂನು ಕೇಳಿದ್ರೆ ಮಾತ್ರ ನಾನು ಹೊರಗೆ ಮಾತಾಡಬೇಕಾಗತ್ತೆ. ಸಾಕು ಅನ್ನಿಸಿದ ದಿನ ನೀವು ನಿಲ್ಲಿಸಬಹುದು." ಕೊನೆಯ ವಾಕ್ಯ ಮರೆಯಬೇಡಿ. ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು ಕ್ಲೈಂಟ್‌ಗಿದೆ.

ದಾಖಲೆಗಳ ವಿಷಯದಲ್ಲಿ ಹೊಸ ಆವೃತ್ತಿ ಹಳೆಯದಕ್ಕಿಂತ ಮೇಲು. ಕೃತಕ ಬುದ್ಧಿಮತ್ತೆ ಸೇರಿದಂತೆ ನೀವು ಬಳಸುವ ತಂತ್ರಜ್ಞಾನಕ್ಕೂ ನಿಮ್ಮನ್ನೇ ಹೊಣೆ ಮಾಡುತ್ತದೆ. ಝೂಮ್ ಕರೆಯಲ್ಲಿ ತಾನಾಗಿ ಬಂದು ಕೂರುವ ನೋಟ್-ಟೇಕರ್ ಬಾಟ್ ಇಲ್ಲಿ ದೊಡ್ಡ ಅಪಾಯ. ಕಂಪನಿಯ ಖಾತೆಯಿಂದ ಕರೆ ನಡೆದರೆ ಇಡೀ ಮಾತುಕತೆಯ ಪ್ರತಿಲಿಪಿ ಕಂಪನಿಯ ಸರ್ವರ್‌ನಲ್ಲೇ ಉಳಿಯಬಹುದು. ಕೋಚ್ ತನ್ನ ಖಾತೆಯಿಂದಲೇ ಲಿಂಕ್ ಕಳಿಸಲಿ, ರೆಕಾರ್ಡಿಂಗ್ ಆಫ್ ಇರಲಿ. ಟಿಪ್ಪಣಿಯಲ್ಲಿ ದಿನಾಂಕ, ವಿಷಯ, ಒಪ್ಪಿಕೊಂಡ ಮುಂದಿನ ಹೆಜ್ಜೆ ಇದ್ದರೆ ಸಾಕು. ಮನೆಯ ಜಗಳ, ಬಾಸ್ ಬಗೆಗಿನ ಬೈಗುಳ ಬರೆದಿಡುವ ಅಗತ್ಯವಿಲ್ಲ. ಎಷ್ಟು ತಿಂಗಳಿಗೆ ಅಳಿಸುತ್ತೀರಿ ಎಂಬುದನ್ನು ಒಪ್ಪಂದದಲ್ಲೇ ಬರೆಯಿರಿ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ದಾರಿಯೂ ಇದೇ: ಒಪ್ಪಿಗೆ ಪಡೆದ ಉದ್ದೇಶಕ್ಕಷ್ಟೇ ಬಳಕೆ, ಕೆಲಸ ಮುಗಿದ ಮೇಲೆ ಅಳಿಸುವಿಕೆ. ಇನ್ನೊಂದನ್ನು ಅನುಭವಿಗಳೂ ಮರೆಯುತ್ತಾರೆ. ಐಸಿಎಫ್ ಅರ್ಹತೆಗಾಗಿ ಇಡುವ ಕೋಚಿಂಗ್ ಗಂಟೆಗಳ ಲಾಗ್‌ನಲ್ಲಿ ಕ್ಲೈಂಟ್ ಹೆಸರು, ಸಂಪರ್ಕ ವಿವರ ಇರುತ್ತವೆ. ಅದಕ್ಕೆ ಅವರ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು.

ಕೋಚಿಂಗ್ ಚಿಕಿತ್ಸೆಯಲ್ಲ ಎಂಬ ಗೆರೆಯನ್ನು ಸಂಹಿತೆ ಎಳೆಯುತ್ತದೆ, ಅದನ್ನು ಗುರುತಿಸುವ ಕಣ್ಣು ಕೋಚ್‌ನದು. ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಪ್ಯಾನಿಕ್, ಕುಡಿತ ಏರುತ್ತಿರುವುದು, "ಇದ್ದು ಏನು ಮಾಡಲಿ" ಎಂಬ ಮಾತು ಕಂಡರೆ ಗುರಿಯ ಮಾತು ಅಲ್ಲಿಗೆ ನಿಲ್ಲಿಸಿ. ಮನೋವೈದ್ಯರು ಅಥವಾ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿಯಿರುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಎರಡು ಮೂರು ಹೆಸರು ಸದಾ ಕೈಯಲ್ಲಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡಬಹುದು. ಹೀಗೆ ಕಳಿಸಿದ್ದನ್ನು ಎಚ್‌ಆರ್‌ಗೆ ಹೇಳುವಂತಿಲ್ಲ. ಯಾರನ್ನಾದರೂ ಶಿಫಾರಸು ಮಾಡಿ ಕಮಿಷನ್ ಪಡೆಯುವುದಿದ್ದರೆ ಅದನ್ನು ಕ್ಲೈಂಟ್‌ಗೆ ತಿಳಿಸಲೇಬೇಕು.

ಕೋಚ್ ಹುಡುಕುವವರಿಗೆ: ಮೂರು ಬೇರೆ ಬೇರೆ ಸಂಗತಿಗಳನ್ನು "ಐಸಿಎಫ್ ಸರ್ಟಿಫೈಡ್" ಎಂಬ ಒಂದೇ ಮಾತಲ್ಲಿ ಮಾರುವವರಿದ್ದಾರೆ. ಐಸಿಎಫ್ ಮಾನ್ಯತೆಯ ಶಾಲೆಯಲ್ಲಿ ಕೋರ್ಸ್ ಮುಗಿಸುವುದು ಒಂದು. ಶುಲ್ಕ ಕಟ್ಟಿ ಸದಸ್ಯರಾಗುವುದು ಇನ್ನೊಂದು. ಅರ್ಹತೆ ಬೇರೆಯೇ. ಎಸಿಸಿಗೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಪಿಸಿಸಿಗೆ 125 ಮತ್ತು 500. ಎಂಸಿಸಿಗೆ 200 ಮತ್ತು 2500. ಅರ್ಹತೆಯನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಬೇಕಾದ ಮುಂದುವರಿದ ಕಲಿಕೆಯ 40 ಕ್ರೆಡಿಟ್‌ಗಳಲ್ಲಿ ಕನಿಷ್ಠ 3 ನೀತಿಗೆ ಸಂಬಂಧಿಸಿದವು ಆಗಿರಬೇಕು. ಐಸಿಎಫ್ ಜಾಲತಾಣದಲ್ಲಿ ಹೆಸರು ಹಾಕಿ ಪರೀಕ್ಷಿಸಲು ಎರಡು ನಿಮಿಷ ಸಾಕು.

ಒಂದು ಅಂಕ ಕಡಿತಕ್ಕೆ ಎರಡು ಕಾರಣ. ಮೊದಲನೆಯದು ಮೇಲ್ವಿಚಾರಣೆ (ಸೂಪರ್‌ವಿಷನ್), ಅಂದರೆ ಕೋಚ್ ತನ್ನ ಕೆಲಸವನ್ನು ಇನ್ನೊಬ್ಬ ಅನುಭವಿಯ ಜೊತೆ ಪರಿಶೀಲಿಸುವುದು. ಐಸಿಎಫ್‌ನಂತೆಯೇ ಕೋಚ್‌ಗಳ ಸಂಸ್ಥೆಯಾದ ಯುರೋಪಿನ ಇಎಂಸಿಸಿ ಪ್ರತಿ 35 ಗಂಟೆ ಕೋಚಿಂಗಿಗೆ ಒಂದು ಗಂಟೆ ಸೂಪರ್‌ವಿಷನ್ ಕೇಳುತ್ತದೆ, ಐಸಿಎಫ್ ಪ್ರೋತ್ಸಾಹಿಸಿ ಸುಮ್ಮನಾಗುತ್ತದೆ. ಗೊಂದಲದ ಪ್ರಸಂಗವನ್ನು ಹೆಸರು ಬಿಟ್ಟು ಇನ್ನೊಬ್ಬ ಅನುಭವಿಯ ಮುಂದಿಡುವ ಅಭ್ಯಾಸ ಇಲ್ಲದಿದ್ದರೆ ಸಂಹಿತೆ ಬಾಯಿಪಾಠವಾಗಿಯೇ ಉಳಿಯುತ್ತದೆ. ಇಎಂಸಿಸಿಯ ಲೆಕ್ಕವನ್ನು ಐಸಿಎಫ್ ಕೋಚ್‌ಗಳೂ ತಾವಾಗಿ ಪಾಲಿಸಬೇಕು.

ಎರಡನೆಯದು ದೂರಿನ ವ್ಯಾಪ್ತಿ. ಭಾರತದಲ್ಲಿ ಕೋಚ್ ಆಗಲು ಯಾವ ಪರವಾನಗಿಯೂ ಬೇಕಿಲ್ಲ. ಐಸಿಎಫ್‌ಗೆ ಕೊಟ್ಟ ದೂರು ಅದರ ಸದಸ್ಯರಿಗೆ, ಅರ್ಹತೆ ಪಡೆದವರಿಗೆ ಮಾತ್ರ ತಟ್ಟುತ್ತದೆ. ಅರ್ಹತೆ ಹೋಗಬಹುದು, ನಿಮ್ಮ ಹಣ ವಾಪಸ್ ಬರುವುದಿಲ್ಲ. ಹತ್ತು ಸೆಷನ್‌ಗೆ ಮುಂಗಡ ಕಟ್ಟುವ ಮುನ್ನ, ನಡೆಯದ ಸೆಷನ್‌ಗಳ ಹಣ ಎಷ್ಟು ದಿನದಲ್ಲಿ ಮರಳುತ್ತದೆ ಎಂಬ ಸಾಲು ಒಪ್ಪಂದದಲ್ಲಿದೆಯೇ ನೋಡಿ. ಸ್ವಂತ ದುಡ್ಡು ಕೊಟ್ಟವರು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎಲ್ಲಿಗೆ ಹೋದರೂ ಸಹಿಯಾದ ಒಪ್ಪಂದದ ಪ್ರತಿ, ಪಾವತಿಯ ರಸೀದಿ, ದಿನಾಂಕವಿರುವ ಮೇಲ್‌ಗಳು ಬೇಕೇಬೇಕು.