ಹೊಸ ಜಡ್ಜ್‌ಗಳಿಗೆ ಮಕ್ಕಳ ಕೇಸಿನ ತರಬೇತಿ: ತಪ್ಪಿಸಬೇಡಿ, ಆದರೆ ಸುಧಾರಿಸಲಿ

ಅಪರಾಧದ ಆರೋಪ ಹೊತ್ತ ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿಗೆ ಹೊಸದಾಗಿ ಬಂದ ಮ್ಯಾಜಿಸ್ಟ್ರೇಟರನ್ನೂ ನಮ್ಮಂಥ ಸಮಾಜ ಕಾರ್ಯಕರ್ತ ಸದಸ್ಯರನ್ನೂ ಒಟ್ಟಿಗೆ ಕೂರಿಸಿ ಕೊಟ್ಟ ತರಬೇತಿ ಇದು. ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುವ ಜಡ್ಜ್‌ಗಳೂ ಇದ್ದರು. ಅವಕಾಶ ಸಿಕ್ಕವರು ಖಂಡಿತ ಹೋಗಿ.

ಬೆಳಗ್ಗೆ ಕಾನೂನು ಪಾಠ. 2015ರ ಬಾಲನ್ಯಾಯ ಕಾಯ್ದೆ, ವಿಚಾರಣೆ ಮುಗಿಸಲು 4 ತಿಂಗಳ ಗಡುವು, ವಯಸ್ಸಿನ ಪುರಾವೆಗೆ ಮೊದಲು ಶಾಲೆ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಇದೆಲ್ಲ ಪುಸ್ತಕದಲ್ಲೂ ಸಿಗುತ್ತೆ. ನಿಜವಾಗಿ ಕಲಿತಿದ್ದು ಮಧ್ಯಾಹ್ನದ ಅಣಕು ವಿಚಾರಣೆಯಲ್ಲಿ.

ಮೊಬೈಲ್ ಕಳವಿನ ಕೇಸು. ಹುಡುಗನ ಪಾತ್ರ ಮಾಡಿದವರು ತಲೆ ತಗ್ಗಿಸಿ, ಶರ್ಟಿನ ಗುಂಡಿ ತಿರುವುತ್ತಾ ನಿಂತಿದ್ದರು. ಮ್ಯಾಜಿಸ್ಟ್ರೇಟ್ ಒಬ್ಬರ ಮೊದಲ ಪ್ರಶ್ನೆಯೇ "ಯಾಕೋ ಕದ್ದೆ?" ತರಬೇತುದಾರರು ಅಲ್ಲೇ ತಡೆದರು. ಕದ್ದಿದ್ದಾನೆ ಅಂತ ಯಾರು ತೀರ್ಮಾನ ಮಾಡಿದ್ದು? 18 ತುಂಬುವವರೆಗೆ ಮಗುವಿಗೆ ಅಪರಾಧದ ಉದ್ದೇಶ ಇರಲಿಲ್ಲ ಎಂದೇ ಭಾವಿಸಬೇಕು ಅಂತ ಕಾಯ್ದೆಯ 3ನೇ ಕಲಂ ಹೇಳುತ್ತದೆ ಅಲ್ವಾ? ಮತ್ತೆ ಶುರು ಮಾಡಿಸಿದರು. ಈ ಸಲ ಪೊಲೀಸರ ಪಾತ್ರದವರನ್ನು ಹೊರಗೆ ಕಳಿಸಿ, "ಊಟ ಆಯ್ತಾ? ಮನೆಯಿಂದ ಯಾರು ಬಂದಿದ್ದಾರೆ? ಸ್ಟೇಷನ್‌ನಲ್ಲಿ ಯಾರಾದ್ರೂ ಹೊಡೆದ್ರಾ?" ಅಂತ ಕೇಳಿದರು. ಪೊಲೀಸರು ಹಿಂಸೆ ಕೊಟ್ಟಿಲ್ಲ ಎಂದು ಖಚಿತ ಮಾಡಿಕೊಳ್ಳುವುದು ಮಂಡಳಿಯ ಕರ್ತವ್ಯ, ಅದನ್ನು ಹೇಗೆ ಕೇಳಬೇಕು ಅನ್ನೋದು ಆ ಒಂದು ಗಂಟೆಯಲ್ಲಿ ನನಗೆ ಅರ್ಥವಾಯಿತು.

ಬೇಸರವಾಗಿದ್ದು ಕೌಟುಂಬಿಕ ನ್ಯಾಯಾಲಯದ ಭಾಗ. ಸುಮ್ನೆ ಸ್ಲೈಡ್ ಓದಿ ಮುಗಿಸಿದರು. 1984ರ ಕಾಯ್ದೆ ರಾಜಿಗೆ ಪ್ರಯತ್ನಿಸಿ ಅನ್ನುತ್ತದೆ, ಸರಿ, ಆದರೆ ಗಂಡನಿಂದ ಏಟು ತಿಂದು ಬಂದವಳಿಗೂ "ಹೊಂದಿಕೊಂಡು ಹೋಗಮ್ಮ" ಅನ್ನುವುದೇ ರಾಜಿಯಾ? ಅಪ್ಪ ಅಮ್ಮನ ಎದುರೇ ಮಗುವಿಗೆ "ನಿಂಗೆ ಯಾರು ಬೇಕು?" ಅಂತ ಕೇಳಿದರೆ, ಆ ಮಗು ಮನೆಗೆ ಹೋದ ಮೇಲೆ ಏನು ಎದುರಿಸಬೇಕಾಗುತ್ತೆ? ಇದಕ್ಕೆ ಅಣಕು ವಿಚಾರಣೆ ಇನ್ನೂ ಜಾಸ್ತಿ ಬೇಕಿತ್ತು.

ಇನ್ನೊಂದು ಮಾತು. ಮಂಡಳಿಗೆ ನೇಮಕವಾದ 60 ದಿನದೊಳಗೆ ತರಬೇತಿ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ನನ್ನ ಪಕ್ಕ ಕೂತಿದ್ದವರು ಅಷ್ಟರೊಳಗೆ ಎಷ್ಟೋ ಮಕ್ಕಳ ಜಾಮೀನು ಅರ್ಜಿ ತೀರ್ಮಾನಿಸಿ ಆಗಿತ್ತು. ಕುರ್ಚಿಯಲ್ಲಿ ಕೂರುವ ಮೊದಲೇ ಈ ತರಬೇತಿ ಆಗಬೇಕು.

ಹೋಗುವವರು ಒಂದು ಸಾಮಾಜಿಕ ತನಿಖಾ ವರದಿಯ (ಮಗುವಿನ ಮನೆ, ಹಿನ್ನೆಲೆ ಬಗ್ಗೆ ಮಂಡಳಿಗೆ ಬರುವ ವರದಿ) ಪ್ರತಿಯನ್ನು, ಮಗುವಿನ ಹೆಸರು ಮತ್ತು ಗುರುತು ಪೂರ್ತಿ ಅಳಿಸಿ, ಜೊತೆಗೆ ಒಯ್ಯಿರಿ. ಅದನ್ನು ಮುಂದಿಟ್ಟು ಪ್ರಶ್ನೆ ಕೇಳಿದರೆ ತರಬೇತುದಾರರು ಸಮಾಧಾನವಾಗಿ ಕೂತು ವಿವರಿಸುತ್ತಾರೆ.