ಡೆಬಿಯನ್, ಗೋಬೋ, ನಿಕ್ಸ್: ಮಲೆನಾಡಿನ ಮಳೆಗಾಲಕ್ಕೆ ಯಾವ ಜೋಡಣೆ?

ಬಿನ್, ಎಸ್‌ಬಿನ್, ಲಿಬ್, ಇಟಿಸಿ, ವಾರ್, ಯುಎಸ್‌ಆರ್. ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡ ಹೊಸದರಲ್ಲಿ ಎಲ್ಲ ಫೋಲ್ಡರುಗಳಿಗೂ ಬುಡವಾದ ರೂಟ್ ಫೋಲ್ಡರ್ ತೆರೆದರೆ ಕಾಣುವುದು ಈ ಮೊಟಕು ಹೆಸರುಗಳೇ. ಇದನ್ನೆಲ್ಲ ಹೀಗೇ ಯಾಕೆ ಜೋಡಿಸಬೇಕು, ನಮಗೆ ಬೇಕಾದ ಹಾಗೆ ಇಟ್ಟುಕೊಳ್ಳೋಕೆ ಆಗಲ್ವಾ ಅನ್ನುವ ವಾದ ತುಂಬಾ ಹಳೆಯದು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಡೆಸ್ಕ್‌ಟಾಪಿನಲ್ಲಿ ನಾನು ಡೆಬಿಯನ್, ಗೋಬೋಲಿನಕ್ಸ್, ನಿಕ್ಸ್‌ಓಎಸ್ ಅನ್ನುವ ಮೂರು ಬಗೆಯ ಲಿನಕ್ಸ್ ಹಾಕಿ, ಮೂರು ಥರದ ಜೋಡಣೆ ಬಳಸಿ ನೋಡಿದೆ. ಇಲ್ಲಿ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲಿ. ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್. ಯುಪಿಎಸ್ ಹೆಸರಿಗೆ ಮಾತ್ರ ಇದೆ. ಹಾಗಾಗಿ ನನ್ನ ತೀರ್ಪು ಬೆಂಗಳೂರಿನವರಿಗೆ ಸರಿ ಬರದೇ ಇರಬಹುದು.

ಮೊದಲು ಡೆಬಿಯನ್. ಇದು ಸಂಪ್ರದಾಯದ ದಾರಿ. ಯಾವ ಫೈಲ್ ಎಲ್ಲಿರಬೇಕು ಅನ್ನುವುದಕ್ಕೆ ಲಿನಕ್ಸ್ ಲೋಕದಲ್ಲಿ 1994ರಲ್ಲೇ ಒಂದು ನಿಯಮಾವಳಿ ಬಂತು. ಅದೇ ಬೆಳೆದು ಎಫ್‌ಎಚ್‌ಎಸ್ ಆಯಿತು. ಅದರ 3.0 ಆವೃತ್ತಿ 2015ರದು. ಇಲ್ಲಿ ಫೈಲುಗಳನ್ನು ವಿಂಗಡಿಸುವುದು ಜಾತಿ ನೋಡಿ. ಓಡುವ ಪ್ರೋಗ್ರಾಮುಗಳೆಲ್ಲ ಒಂದು ಕಡೆ, ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಲೈಬ್ರರಿಗಳು ಇನ್ನೊಂದು ಕಡೆ, ಸೆಟ್ಟಿಂಗ್‌ಗಳು ಇಟಿಸಿಯಲ್ಲಿ. ನಾಲ್ಕು ಮನೆಯ ಅಡಿಕೆಯನ್ನು ಒಟ್ಟಿಗೆ ಸುರಿದು ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡಿದ ಹಾಗೆ. ಯಾವುದು ಯಾರ ಮನೆಯದು ಅಂತ ಅಡಿಕೆ ನೋಡಿ ಹೇಳೋಕಾಗಲ್ಲ, ಲೆಕ್ಕದ ಪುಸ್ತಕವನ್ನೇ ನೋಡಬೇಕು. ಡೆಬಿಯನ್‌ನಲ್ಲಿ ಆ ಪುಸ್ತಕ ಇಡುವುದು ಡಿಪಿಕೆಜಿ, ಪ್ರೋಗ್ರಾಮುಗಳನ್ನು ಹಾಕುವ ತೆಗೆಯುವ ಸಾಧನ.

ಈ ವಿಂಗಡಣೆಯೂ ಪೂರ್ತಿ ಯೋಚನೆ ಮಾಡಿ ಹುಟ್ಟಿದ್ದಲ್ಲ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಬೆಳೆದು ಮೊದಲ ಡಿಸ್ಕ್ ತುಂಬಿತು. ಉಳಿದದ್ದು ಬಳಕೆದಾರರ ಫೈಲುಗಳಿದ್ದ ಎರಡನೇ ಡಿಸ್ಕಿಗೆ, ಅಂದರೆ ಯುಎಸ್‌ಆರ್‌ಗೆ, ಹರಿಯಿತು. ಜಾಗ ಸಾಲದೆ ಆದ ಏರ್ಪಾಡಿಗೆ ಆಮೇಲೆ ಎಷ್ಟೋ ಕಾರಣ ಹೇಳಿದರು. 2012ರಲ್ಲಿ ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್ ತನ್ನ 17ನೇ ಆವೃತ್ತಿಯಲ್ಲಿ ರೂಟ್‌ನ ಬಿನ್, ಲಿಬ್‌ಗಳನ್ನು ಯುಎಸ್‌ಆರ್‌ಗೆ ಸೇರಿಸಿ ಎರಡನ್ನೂ ಒಂದು ಮಾಡಿತು. ಡೆಬಿಯನ್ ವರ್ಷಗಟ್ಟಲೆ ವಾದ ಮಾಡಿ 2023ರ 12ನೇ ಆವೃತ್ತಿಯಲ್ಲಿ ಅದನ್ನು ಕಡ್ಡಾಯ ಮಾಡಿತು. 'ನನ್ನ ಮಷೀನು, ನನ್ನ ಆಯ್ಕೆ' ಅಂದವರಿಗೆ ಸಿಟ್ಟು ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ನನ್ನ ದಿನದ ಕೆಲಸದಲ್ಲಿ ಇದರಿಂದ ಕೂದಲಷ್ಟೂ ವ್ಯತ್ಯಾಸ ಆಗಲಿಲ್ಲ.

ಗೋಬೋಲಿನಕ್ಸ್ ಬ್ರೆಜಿಲ್‌ನಿಂದ ಬಂದದ್ದು. ಅದರ ಹುಟ್ಟೇ ಚೆನ್ನಾಗಿದೆ. ಕಾಲೇಜಿನ ಕಂಪ್ಯೂಟರಿನಲ್ಲಿ ರೂಟ್ ಅಧಿಕಾರ, ಅಂದರೆ ಇಡೀ ಸಿಸ್ಟಮ್ ಬದಲಾಯಿಸುವ ಅಧಿಕಾರ, ಇಲ್ಲದ ಹಿಶಾಮ್ ಮುಹಮ್ಮದ್ ತನ್ನ ಸ್ವಂತ ಫೈಲುಗಳಿರುವ ಹೋಮ್ ಫೋಲ್ಡರಿನೊಳಗೇ ಒಂದೊಂದು ಪ್ರೋಗ್ರಾಮಿಗೆ ಒಂದೊಂದು ಫೋಲ್ಡರ್ ಮಾಡಿಕೊಂಡರು. ಅದೇ ಮುಂದೆ ಇಡೀ ಸಿಸ್ಟಮ್ ಆಯಿತು. ಇಲ್ಲಿ 'ಪ್ರೋಗ್ರಾಮ್ಸ್' ತೆರೆದರೆ ಚಿತ್ರ ತಿದ್ದುವ ಜಿಂಪ್ ಕಾಣುತ್ತದೆ, ಅದರೊಳಗೆ ಅದರ ಆವೃತ್ತಿ. ಹಳೆಯ ಹೆಸರುಗಳು ಒಳಗೊಳಗೆ ಇವೆ, ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿರುತ್ತಾರೆ. ನೋಡೋಕೆ ಮೂರರಲ್ಲಿ ಇದೇ ಚೆಂದ. ಬಳಸೋಕೆ ಕಷ್ಟ. ಬೇಕಾದ ಎಷ್ಟೋ ಪ್ರೋಗ್ರಾಮುಗಳನ್ನು ಸೋರ್ಸ್‌ನಿಂದಲೇ, ಅಂದರೆ ಬರೆದ ಮೂಲ ಕೋಡಿನಿಂದಲೇ, ಕಟ್ಟಿಕೊಳ್ಳಬೇಕು. ನನ್ನ ಹಳೇ ಪ್ರೊಸೆಸರಿನಲ್ಲಿ ಅದು ಮುಗಿಯುವಷ್ಟರಲ್ಲಿ ಕರೆಂಟ್ ಒಮ್ಮೆ ಹೋಗಿ ಬಂದಿರುತ್ತಿತ್ತು. 017ನೇ ಆವೃತ್ತಿ ಬಂದದ್ದು 2020ರಲ್ಲಿ. ದಿನಬಳಕೆಗೆ ಇದನ್ನು ನೆಚ್ಚಿಕೊಳ್ಳಿ ಅಂತ ನಾನು ಹೇಳಲ್ಲ.

ನಿಕ್ಸ್‌ಓಎಸ್ ಇನ್ನೂ ಒಂದು ಹೆಜ್ಜೆ ಮುಂದೆ. ಇಲ್ಲೂ ಒಂದೊಂದು ಪ್ಯಾಕೇಜಿಗೆ, ಅಂದರೆ ಪ್ರೋಗ್ರಾಮು ಅಥವಾ ಲೈಬ್ರರಿಯ ಕಟ್ಟಿಗೆ, ಒಂದೊಂದು ಫೋಲ್ಡರ್. ಆದರೆ ಅದರ ಹೆಸರಿಗೆ ಉದ್ದದ ಹ್ಯಾಶ್, ಅಂದರೆ ಆ ಪ್ಯಾಕೇಜನ್ನು ಕಟ್ಟಿದ ವಿವರದಿಂದ ಲೆಕ್ಕ ಹಾಕಿದ ಅಕ್ಷರ-ಅಂಕಿಗಳ ಸರ, ಅಂಟಿಕೊಂಡಿರುತ್ತದೆ. ಮನುಷ್ಯರು ಓದುವ ಹೆಸರಲ್ಲ ಅದು. ಬಿನ್‌ನಲ್ಲಿ ಎಸ್‌ಎಚ್ ಅನ್ನುವ ಒಂದೇ ಪ್ರೋಗ್ರಾಮು, ಯುಎಸ್‌ಆರ್ ಒಳಗಿನ ಬಿನ್‌ನಲ್ಲಿ ಎನ್ವ್ ಅನ್ನುವ ಒಂದೇ. ಮಿಕ್ಕಿದ್ದೆಲ್ಲ ಈ ಹ್ಯಾಶ್ ಹೆಸರಿನ ಫೋಲ್ಡರುಗಳಿರುವ ನಿಕ್ಸ್ ಸ್ಟೋರ್‌ನಲ್ಲಿ.

ಕರೆಂಟಿನ ವಿಷಯಕ್ಕೆ ಬಂದಾಗ ಇದೇ ಗೆಲ್ಲುವುದು. ಡೆಬಿಯನ್‌ನಲ್ಲಿ ಅಪ್‌ಗ್ರೇಡ್ ಅಂದರೆ ಇದ್ದ ಫೈಲಿನ ಜಾಗದಲ್ಲೇ ಹೊಸದು ಬಂದು ಕೂರುವುದು. ಅರ್ಧದಲ್ಲಿ ಕರೆಂಟ್ ಹೋದರೆ ಕೆಲವು ಪ್ಯಾಕೇಜ್ ಹೊಸದು, ಕೆಲವು ಹಳೆಯದು, ಒಂದೆರಡು ನಡುವೆ ಸಿಕ್ಕಿಬಿದ್ದಿರುತ್ತವೆ. ಡಿಪಿಕೆಜಿಗೆ 'ಬಾಕಿ ಉಳಿದಿದ್ದನ್ನು ಮುಗಿಸು' ಅಂತ ಆಜ್ಞೆ ಕೊಟ್ಟರೆ ಸಾಮಾನ್ಯವಾಗಿ ಸರಿ ಆಗುತ್ತದೆ. ಸಿಸ್ಟಮ್‌ನ ತಿರುಳಾದ ಕರ್ನಲ್ ಹಾಕುವ ಹೊತ್ತಿಗೇ ಹೋದರೆ ಮಾತ್ರ ಕಂಪ್ಯೂಟರ್ ಎಬ್ಬಿಸೋಕೆ ಪೆನ್‌ಡ್ರೈವ್ ಹುಡುಕಬೇಕಾಗಬಹುದು. ನಿಕ್ಸ್ ಹಳೆಯದನ್ನು ಮುಟ್ಟುವುದೇ ಇಲ್ಲ. ಹೊಸದನ್ನೆಲ್ಲ ಪಕ್ಕದಲ್ಲಿ ಕಟ್ಟಿ, ಪೂರ್ತಿ ಆದ ಮೇಲೆ ಒಂದು ಲಿಂಕ್ ತಿರುಗಿಸುತ್ತದೆ. ನಡುವೆ ಕರೆಂಟ್ ಹೋದರೆ ಹಳೇ ಸಿಸ್ಟಮ್ ಹಾಗೇ ಎದ್ದು ಬರುತ್ತದೆ. ಪೂರ್ತಿ ಇಳಿದ ಪ್ಯಾಕೇಜನ್ನು ಮತ್ತೆ ಇಳಿಸಬೇಕಾಗಿಲ್ಲ. ಹೊಸದು ಹಿಡಿಸದಿದ್ದರೆ ಬೂಟ್ ಮೆನುವಿನಲ್ಲಿ ಹಿಂದಿನದನ್ನೇ ಆರಿಸಿಕೊಂಡರಾಯಿತು.

ಆದರೆ ಡೇಟಾ ಪ್ಯಾಕ್? ಅಲ್ಲಿ ನಿಕ್ಸ್ ದುಬಾರಿ. ಹೆಚ್ಚಿನ ಪ್ರೋಗ್ರಾಮುಗಳು ಬಳಸುವ ಜಿಲಿಬ್‌ಸಿಯಂಥ ಬುಡದ ಲೈಬ್ರರಿ ಬದಲಾದರೆ ಅದನ್ನು ನಂಬಿದ ಪ್ಯಾಕೇಜುಗಳೆಲ್ಲದರ ಹ್ಯಾಶ್ ಬದಲಾಗುತ್ತದೆ. ಹೆಚ್ಚುಕಡಿಮೆ ಇಡೀ ಸಿಸ್ಟಮ್ ಮತ್ತೆ ಇಳಿಯಬೇಕು. ಡೆಬಿಯನ್‌ನಲ್ಲಿ ಆ ಒಂದು ಪ್ಯಾಕೇಜ್ ಬದಲಾದರೆ ಸಾಕು, ಎಲ್ಲರಿಗೂ ಅದೇ ಸಿಗುತ್ತದೆ. ಜಾತಿ ನೋಡಿ ವಿಂಗಡಿಸಿದ್ದರ ನಿಜವಾದ ಲಾಭ ಇದು. ಜೋರು ಮಳೆಯಲ್ಲಿ ಸಿಗ್ನಲ್ ಒಂದೇ ಕಡ್ಡಿಗೆ ಇಳಿದಾಗ ಈ ಲಾಭ ಚೆನ್ನಾಗಿ ಅರ್ಥ ಆಗುತ್ತದೆ.

ಇನ್ನೊಂದು ತೊಡಕು ಹೊರಗಿನಿಂದ ತಂದ ಪ್ರೋಗ್ರಾಮುಗಳದು. ಪ್ರಿಂಟರ್ ಕಂಪನಿ ಕೊಟ್ಟ ಡೆಬ್ ಫೈಲ್ (ಡೆಬಿಯನ್‌ನ ಪ್ಯಾಕೇಜ್) ಡೆಬಿಯನ್‌ನಲ್ಲಿ ತಕರಾರಿಲ್ಲದೆ ಇನ್‌ಸ್ಟಾಲ್ ಆಯಿತು. ನಿಕ್ಸ್‌ನಲ್ಲಿ ಹೊರಗಿನ ಬೈನರಿ, ಅಂದರೆ ಮೊದಲೇ ಕಟ್ಟಿಕೊಟ್ಟ ಪ್ರೋಗ್ರಾಮು, ಸಾಮಾನ್ಯವಾಗಿ ಹಾಗೇ ಓಡುವುದಿಲ್ಲ. ಹಳೇ ಆವೃತ್ತಿಗಳಲ್ಲಿ ಕಣ್ಣೆದುರೇ ಇರುವ ಫೈಲಿಗೆ 'ಅಂಥ ಫೈಲೇ ಇಲ್ಲ' ಅನ್ನುತ್ತಿತ್ತು. ಆ ಪ್ರೋಗ್ರಾಮು ಹುಡುಕುವುದು ತನಗೆ ಬೇಕಾದ ಲೈಬ್ರರಿಗಳನ್ನು ಜೋಡಿಸಿ ಓಡಿಸುವ ಲೋಡರನ್ನು, ಮಾಮೂಲಿ ಜಾಗದಲ್ಲಿ ಸರಿಯಾದ ಲೋಡರ್ ಇರಲ್ಲ. ಆ ಜಾಗಕ್ಕೆ ಲೋಡರ್ ಒದಗಿಸುವ ನಿಕ್ಸ್-ಎಲ್‌ಡಿ ಹಾಕಿಕೊಂಡರೆ ಎಷ್ಟೋ ಪ್ರೋಗ್ರಾಮುಗಳು ಓಡುತ್ತವೆ. ಇದನ್ನೆಲ್ಲ ಭಾವನಿಗೆ ವಿವರಿಸಿದೆ. "ಅಲ್ಲ ಮಾರಾಯ, ಮಂಡಿ ಲೆಕ್ಕದ ಶೀಟ್ ಪ್ರಿಂಟ್ ಆಗುತ್ತೋ ಇಲ್ಲವೋ ಅದು ಹೇಳು" ಅಂದ. ಅವನ ಮನೆಗೆ ಡೆಬಿಯನ್ನೇ ಸರಿ. ಇದರಲ್ಲಿ ಅನುಮಾನ ಇಲ್ಲ.

ನನ್ನದರಲ್ಲಿ ನಿಕ್ಸ್ ಉಳಿದಿದೆ. ಇಡೀ ಸಿಸ್ಟಮ್ ಹೇಗಿರಬೇಕು ಅನ್ನುವುದನ್ನು ಒಂದು ಫೈಲಿನಲ್ಲಿ ಬರೆದಿಡಬಹುದು. ಫೋಲ್ಡರಿಗೆ ನನ್ನಿಷ್ಟದ ಹೆಸರಿಡುವ ಗೋಬೋ ಆಯ್ಕೆಗಿಂತ ಈ ಆಯ್ಕೆ ನನಗೆ ಜಾಸ್ತಿ ಬೆಲೆಯದು. ಡಿಸ್ಕ್ ಮಾತ್ರ ಧಾರಾಳವಾಗಿ ಬೇಕು, ಉಳಿದುಕೊಂಡ ಸಿಸ್ಟಮ್‌ನ ಹಳೇ ತಲೆಮಾರುಗಳನ್ನು ಆಗಾಗ ಗುಡಿಸಬೇಕು. ಮತ್ತೆ ಯಾವುದೇ ಹಾಕಿ, ಹೋಮ್ ಫೋಲ್ಡರಿಗೆ ಬೇರೆ ಪಾರ್ಟಿಷನ್, ಅಂದರೆ ಡಿಸ್ಕಿನಲ್ಲಿ ಬೇರೆ ಪಾಲು, ಕೊಡಿ. ನಾನು ಮೂರನ್ನೂ ಬದಲಾಯಿಸಿ ನೋಡೋಕೆ ಆಗಿದ್ದು ಅದು ಬೇರೆ ಇದ್ದದ್ದರಿಂದಲೇ.